ಪಾಲಿನೇಷ್ಯದ ನಾಟಿ ವೈದ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ನೋನಿ ಎಂಬ ಹಣ್ಣಿನ ರಸದ ಬಾಟಲಿ, ‘ಹೊಓಪೊನೊಪೊನೊ’ ಎಂಬ ನಾಲ್ಕು ಸಾಲಿನ ಜಪ, ಲೋಮಿಲೋಮಿ ಮಸಾಜ್. ಪೆಸಿಫಿಕ್ ಸಾಗರದ ದ್ವೀಪಗಳ ವೈದ್ಯ ನಮ್ಮನ್ನು ತಲುಪಿರುವುದು ಹೆಚ್ಚಾಗಿ ಈ ಮೂರು ರೂಪಗಳಲ್ಲಿ. ಅವುಗಳ ಹಿಂದಿದ್ದ ಮನೆಮಂದಿ, ಪ್ರಾರ್ಥನೆ, ಕಟ್ಟುಪಾಡು ಯಾವುವೂ ಜೊತೆಯಲ್ಲಿ ಬರಲಿಲ್ಲ. ಆ ಹಿನ್ನೆಲೆಯಲ್ಲೇ ಈ ವೈದ್ಯದ ಜೀವ ಇದೆ ಎಂದು ನಾನು ನಂಬಿದ್ದೇನೆ. ಓದುಗರ ಪ್ರಶ್ನೆಗಳಿಗೆ ಅಲ್ಲಿಂದಲೇ ಉತ್ತರ ಕೊಡುವ ಪ್ರಯತ್ನ ಇದು.

ಪಾಲಿನೇಷ್ಯ ಎಂದರೆ ಯಾವ ಪ್ರದೇಶ? ಅಲ್ಲೆಲ್ಲ ಒಂದೇ ವೈದ್ಯ ಪದ್ಧತಿಯೇ?

ಉತ್ತರದಲ್ಲಿ ಹವಾಯಿ, ನೈಋತ್ಯದಲ್ಲಿ ನ್ಯೂಜಿಲೆಂಡ್, ಆಗ್ನೇಯದಲ್ಲಿ ಈಸ್ಟರ್ ದ್ವೀಪವೆಂದೂ ಕರೆಯುವ ರಾಪಾ ನುಯಿ. ಈ ಮೂರು ಮೂಲೆಗಳ ನಡುವಿನ ವಿಶಾಲ ತ್ರಿಕೋನವೇ ಪಾಲಿನೇಷ್ಯ. ಸಮೊವಾ, ಟೋಂಗಾ, ಟಾಹಿಟಿ, ಕುಕ್ ದ್ವೀಪಗಳು ಇದರೊಳಗಿವೆ. ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಟೋಂಗಾ, ಸಮೊವಾಗಳಲ್ಲಿ ನೆಲೆಯೂರಿದವರ ಸಂತತಿ ಜೋಡಿ ದೋಣಿಗಳಲ್ಲಿ, ನಕ್ಷತ್ರಗಳ ಗುರುತು ಹಿಡಿದು ಉಳಿದ ದ್ವೀಪಗಳಿಗೆ ಹಬ್ಬಿತು. ನ್ಯೂಜಿಲೆಂಡನ್ನು ಮುಟ್ಟಿದ್ದು ಎಲ್ಲಕ್ಕಿಂತ ಕೊನೆಗೆ, 13ನೇ ಶತಮಾನದ ಸುಮಾರಿಗೆ.

ಬುಡ ಒಂದೇ ಆದ್ದರಿಂದ ಹೋಲಿಕೆಗಳು ಬಹಳ. ಪರಿಣತನನ್ನು ಹವಾಯಿಯಲ್ಲಿ ಕಹುನಾ, ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳು ಟೊಹುಂಗಾ, ಟಾಹಿಟಿಯಲ್ಲಿ ತಾಹುಅ ಎನ್ನುತ್ತಾರೆ. ಆದರೆ ಹವಾ ಬೇರೆ, ಮಣ್ಣು ಬೇರೆ, ಕಾಡು ಬೇರೆ. ಉಷ್ಣವಲಯದಿಂದ ಬಂದವರಿಗೆ ನ್ಯೂಜಿಲೆಂಡಿನ ಚಳಿಯಲ್ಲಿ ತೆಂಗೂ ಬೆಳೆಯಲಿಲ್ಲ, ನೋನಿಯೂ ಬೆಳೆಯಲಿಲ್ಲ. ಅಲ್ಲಿನ ಗಿಡಮರಗಳನ್ನು ಮೊದಲಿನಿಂದ ಅರಿತು ಹೊಸ ಔಷಧ ಭಂಡಾರವನ್ನೇ ಕಟ್ಟಿಕೊಂಡರು. ಅದಕ್ಕೆ ರೊಂಗೊವಾ ಎಂದು ಹೆಸರು. ಹವಾಯಿಯ ಗಿಡಮೂಲಿಕೆ ವೈದ್ಯ ಲಾಅವ್ ಲಪಅವ್. ಸಮೊವಾದಲ್ಲಿ ಮದ್ದು ಕೊಡುವವರು ತೌಲಾಸೇಅ, ಮೈ ನೀವುವವರು ಫೊಫೊ.

ಅಲ್ಲಿನವರ ಪ್ರಕಾರ ಕಾಯಿಲೆ ಏಕೆ ಬರುತ್ತದೆ?

ಏಟು ಬಿದ್ದರೆ, ಕೈ ಸುಟ್ಟರೆ, ಹೊಟ್ಟೆ ಕೆಟ್ಟರೆ ಸೊಪ್ಪು ಜಜ್ಜಿ ಕಟ್ಟುತ್ತಾರೆ, ಕಷಾಯ ಕುಡಿಸುತ್ತಾರೆ; ಅಷ್ಟೇ. ಬಹಳ ದಿನ ವಾಸಿಯಾಗದ, ಬಿಟ್ಟು ಬಿಟ್ಟು ಬರುವ ಕಾಯಿಲೆಯಾದರೆ ವೈದ್ಯರು ಕೇಳುವ ಪ್ರಶ್ನೆಗಳು ಬೇರೆಯಾಗುತ್ತವೆ. ಮನೆಯಲ್ಲಿ ಯಾರೊಡನೆ ಮಾತು ಬಿಟ್ಟಿದೆ? ಕೊಟ್ಟ ಮಾತು ಎಲ್ಲಾದರೂ ಮುರಿಯಿತೇ? ಟಾಪು ಇರುವ, ಎಂದರೆ ಮುಟ್ಟಬಾರದ, ಜಾಗಕ್ಕೆ ಕಾಲಿಟ್ಟಿರಾ? ಹಿರಿಯರ ಸಮಾಧಿಗೆ ಅಪಚಾರವಾಯಿತೇ? ಟೋಂಗಾದಲ್ಲಿ ಸತ್ತವರ ಆತ್ಮದ ಸೋಂಕಿನಿಂದ ಬರುವುದೆಂದು ನಂಬುವ ‘ಆವಂಗಾ’ ಎಂಬ ಸ್ಥಿತಿಗೆ ಪ್ರತ್ಯೇಕ ಮದ್ದು, ಪ್ರತ್ಯೇಕ ಕ್ರಮ ಇವೆ.

ಸಮೊವಾದ ಜನ ಇನ್ನೂ ಒಂದು ವಿಂಗಡಣೆ ಮಾಡಿಕೊಂಡಿದ್ದಾರೆ. ಒಂದು ‘ಮಾಯಿ ಸಮೊವಾ’, ತಮ್ಮ ನೆಲದ ಕಾಯಿಲೆ; ಇನ್ನೊಂದು ‘ಮಾಯಿ ಪಾಲಂಗಿ’, ಪರದೇಶಿಯರ ಕಾಯಿಲೆ. ಮೊದಲನೆಯದಕ್ಕೆ ತೌಲಾಸೇಅ, ಎರಡನೆಯದಕ್ಕೆ ಆಸ್ಪತ್ರೆ. ಇದು ತುಂಬಾ ವಿವೇಕದ ವಿಂಗಡಣೆ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ನಾಟಿ ವೈದ್ಯವೇ ತನ್ನ ಎಲ್ಲೆಯನ್ನು ಇಲ್ಲಿ ಒಪ್ಪಿಕೊಂಡಿದೆ. ಯಾವ ಕಾಯಿಲೆ ಯಾವ ಗುಂಪಿಗೆ ಸೇರಿದ್ದು ಎಂದು ತೀರ್ಮಾನಿಸುವಲ್ಲಿ ತಡವಾದರೆ ಏನಾಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಮಾವೊರಿ ಮನೋವೈದ್ಯ ಮೇಸನ್ ಡ್ಯೂರಿ 1980ರ ದಶಕದ ಆರಂಭದಲ್ಲಿ ಇದೇ ತಿಳಿವಳಿಕೆಯನ್ನು ಆಧುನಿಕ ವೈದ್ಯರಿಗೂ ಅರ್ಥವಾಗುವಂತೆ ರೂಪಿಸಿದರು. ಆರೋಗ್ಯವೆಂಬುದು ನಾಲ್ಕು ಗೋಡೆಗಳ ಮನೆ. ದೇಹ, ಮನಸ್ಸು, ಆತ್ಮ, ಕುಟುಂಬ ಆ ಗೋಡೆಗಳು. ಒಂದು ಕುಸಿದರೂ ಮನೆ ನಿಲ್ಲುವುದಿಲ್ಲ. ನ್ಯೂಜಿಲೆಂಡಿನಲ್ಲಿ ಇಂದು ಶಾಲಾ ಮಕ್ಕಳಿಗೂ ನರ್ಸಿಂಗ್ ವಿದ್ಯಾರ್ಥಿಗಳಿಗೂ ಇದನ್ನು ಕಲಿಸುತ್ತಾರೆ.

ನಮಗೆ ಗೊತ್ತಿರುವ ಗಿಡಗಳೂ ಅವರ ಮದ್ದಿನಲ್ಲಿ ಇವೆಯೇ?

ಸಾಕಷ್ಟಿವೆ. ದೋಣಿ ಹತ್ತುವಾಗ ಅವರು ತಂದ ಗೆಡ್ಡೆ, ಕಡ್ಡಿ, ಬೀಜಗಳಲ್ಲಿ ತೆಂಗು, ಕಬ್ಬು, ಕೆಸು, ಬಾಳೆ ಇದ್ದವು, ಅರಿಶಿನವೂ ಇತ್ತು. ಹವಾಯಿಯಲ್ಲಿ ಅರಿಶಿನಕ್ಕೆ ಓಲೆನಾ ಎನ್ನುತ್ತಾರೆ. ಕಿವಿನೋವಿಗೆ ಅದರ ರಸ ಹಿಂಡುತ್ತಾರೆ, ಸಮುದ್ರದ ನೀರಿಗೆ ಬೆರೆಸಿ ‘ಟಿ’ ಎಂಬ ಗಿಡದ ಎಲೆಯಿಂದ ಪ್ರೋಕ್ಷಿಸಿ ಮನೆಯನ್ನು, ಮನುಷ್ಯರನ್ನು ಶುದ್ಧಿ ಮಾಡುತ್ತಾರೆ. ಸಮೊವಾದಲ್ಲಿ ಅರಿಶಿನದ ಪುಡಿಯನ್ನು ಎಳೆಗೂಸಿನ ಮೈಗೆ ಹಚ್ಚುವ ರೂಢಿಯಿದೆ. ಸಾವಿರಾರು ಮೈಲಿ ಆಚೆ, ಭಾಷೆ, ದೇವರು ಎಲ್ಲವೂ ಬೇರೆಯಾದ ಕಡೆ ಇದೇ ಗೆಡ್ಡೆಗೆ ಇದೇ ಗೌರವ ಸಿಕ್ಕಿದೆ ಎಂದು ತಿಳಿದಾಗ ನನಗಾದ ಸಂತೋಷ ದೊಡ್ಡದು.

ನಮ್ಮ ಕರಾವಳಿಯ ಸುರಹೊನ್ನೆಯೇ ಟಾಹಿಟಿಯ ತಮನು, ಹವಾಯಿಯ ಕಮಾನಿ. ಬೀಜದ ಎಣ್ಣೆಯನ್ನು ಅಲ್ಲಿ ಗಾಯಕ್ಕೆ, ಚರ್ಮದ ತೊಂದರೆಗೆ ಹಚ್ಚುತ್ತಾರೆ. ಗಣಿಕೆ ಸೊಪ್ಪಿನ ಗುಂಪಿಗೆ ಸೇರಿದ ಪೊಪೊಲೊ ಹವಾಯಿಯ ಮದ್ದುಗಳಲ್ಲೇ ಹಿರಿದು. ಉಹಾಲೋವಾ ಎಂಬ ಕಿರುಗಿಡದ ಬೇರಿನ ತೊಗಟೆಯನ್ನು ಗಂಟಲು ನೋವಿಗೆ ಅಗಿಯುತ್ತಾರೆ. ಆ ಗಿಡ ಕರ್ನಾಟಕದ ಬೀಳು ನೆಲದಲ್ಲೂ ಬೆಳೆಯುತ್ತದೆ. ಬೇರಿನಿಂದ ಪಾನೀಯ ಮಾಡುವ ಕವಾ ಗಿಡ ಮತ್ತು ಮಾವೊರಿಗಳ ಕವಕವಾ ಎರಡೂ ಕರಿಮೆಣಸು, ವೀಳ್ಯದೆಲೆಗಳ ಕುಲದವು. ಕವಕವಾ ಎಲೆಯ ಹೃದಯಾಕಾರ ನೋಡಿದರೆ ನಮ್ಮವರು ವೀಳ್ಯದೆಲೆ ಎಂದೇ ಭಾವಿಸುತ್ತಾರೆ.

ಗಿಡದ ಗುರುತು ಸಿಕ್ಕ ಮಾತ್ರಕ್ಕೆ ಅಲ್ಲಿನ ಮದ್ದನ್ನು ಇಲ್ಲಿ ತಯಾರಿಸಿ ಕುಡಿಯಬಾರದು. ಯಾವ ಭಾಗ, ಎಷ್ಟು, ಯಾವುದರ ಜೊತೆ ಎಂಬುದೇ ಮದ್ದಿನ ಮುಖ್ಯ ಸಂಗತಿ.

ಅಲ್ಲಿನ ವೈದ್ಯರು ಕಲಿಯುವುದು ಹೇಗೆ?

ಹವಾಯಿಯಲ್ಲಿ ಹಿಂದೆ ಮಗುವನ್ನು ಎಳವೆಯಲ್ಲೇ ಗುರುತಿಸಿ ಹಿರಿಯ ಕಹುನಾನ ಬಳಿ ಬಿಡುತ್ತಿದ್ದರು. ಕಲಿಕೆ ವರ್ಷಗಟ್ಟಲೆ. ಅದರಲ್ಲಿ ‘ಪಾಪಾ ಇಲಿಇಲಿ’ ಎಂಬ ಭಾಗ ನನ್ನನ್ನು ಬಹುವಾಗಿ ಸೆಳೆದಿದೆ. ಮನುಷ್ಯನ ಆಕಾರವನ್ನು ಸಣ್ಣ ಬೆಣಚುಕಲ್ಲುಗಳಿಂದ ನೆಲದ ಮೇಲೆ ಜೋಡಿಸುತ್ತಾರೆ. ಬಣ್ಣಬಣ್ಣದ ಕಲ್ಲುಗಳು ಬೇರೆ ಬೇರೆ ಅಂಗಗಳನ್ನು, ಅಲ್ಲಿ ತಲೆದೋರುವ ಕಾಯಿಲೆಗಳನ್ನು ಸೂಚಿಸುತ್ತವೆ. ಶಿಷ್ಯ ಆ ಕಲ್ಲುಗಳ ಮೇಲೆ ಬೆರಳಾಡಿಸಿ ಹೆಸರು, ಲಕ್ಷಣ, ಮದ್ದುಗಳನ್ನು ಬಾಯಿಪಾಠ ಮಾಡಬೇಕು. ಲಿಪಿಯಿಲ್ಲದ ಕಾಲದಲ್ಲಿ ಇದೇ ಅವರ ಅಂಗರಚನಾ ಪಾಠ. ಇದಾದ ಮೇಲೆಯೇ ‘ಹಾಹಾ’, ಎಂದರೆ ರೋಗಿಯ ಮೈಯನ್ನು ಬೆರಳ ತುದಿಗಳಿಂದ ತಡವಿ ರೋಗ ಹಿಡಿಯುವ ವಿದ್ಯೆ. ಔಷಧದ ದೇವಾಲಯಗಳೂ ಇದ್ದವು. ಒಅಹು ದ್ವೀಪದ ಐಏಅ ಊರಿನ ಮೇಲಿನ ಬೆಟ್ಟದಲ್ಲಿ ಕೇಅಈವಾ ಹೇಯಾವು ಎಂಬ ವೈದ್ಯ ದೇವಾಲಯದ ಕಲ್ಲುಗೋಡೆ ಇಂದಿಗೂ ಉಳಿದಿದೆ.

ಸಮೊವಾದ ತೌಲಾಸೇಅಗಳಲ್ಲಿ ಹೆಚ್ಚಿನವರು ಹೆಂಗಸರು. ವಿದ್ಯೆ ತಾಯಿಯಿಂದ ಮಗಳಿಗೆ, ಅಜ್ಜಿಯಿಂದ ಮೊಮ್ಮಗಳಿಗೆ ಇಳಿಯುತ್ತದೆ. ಒಂದೊಂದು ಮನೆತನ ಒಂದೊಂದು ಮದ್ದಿಗೆ ಹೆಸರಾಗಿರುತ್ತದೆ.

ಗಿಡ ಕೀಳುವುದಕ್ಕೂ ನಿಯಮಗಳಿವೆಯೇ?

ಇವೆ, ಮತ್ತು ಈ ವೈದ್ಯವನ್ನು ಅರಿಯಲು ಅವು ಮದ್ದಿನ ಪಟ್ಟಿಗಿಂತ ಮುಖ್ಯ. ಹವಾಯಿಯಲ್ಲಿ ಕೂ ಎಂಬ ದೇವರನ್ನು ನೆನೆದು ಬಲಗೈಯಿಂದ, ಹಿನಾ ಎಂಬ ದೇವಿಯನ್ನು ನೆನೆದು ಎಡಗೈಯಿಂದ ಎಲೆ ಬಿಡಿಸುವ ಕ್ರಮ ಇತ್ತು. ಐದರ ಲೆಕ್ಕ ಎಲ್ಲೆಲ್ಲೂ ಕಾಣುತ್ತದೆ: ಐದು ಚಿಗುರು, ಐದು ದಿನ. ಚಿಕಿತ್ಸೆ ಮುಗಿದಾಗ ‘ಪನಿ’ ಎಂಬ ಮುಕ್ತಾಯದ ತಿನಿಸು ಕೊಡುತ್ತಾರೆ. ಅದು ಸಾಮಾನ್ಯವಾಗಿ ಸಮುದ್ರದ್ದು. ಅದನ್ನು ತಿಂದ ಮೇಲೆಯೇ ಮದ್ದು ಮುಗಿಯಿತು ಎಂದು ಅರ್ಥ.

ಮಾವೊರಿಗಳ ಹರಕೆಕೆ ಎಂಬ ನಾರಿನ ಗಿಡದ ಕಟ್ಟುಪಾಡು ಇನ್ನೂ ಚೆಂದ. ಅದರ ಎಲೆಗಳು ಬೀಸಣಿಗೆಯ ಹಾಗೆ ಹರಡಿರುತ್ತವೆ. ನಟ್ಟನಡುವಿನ ಸುಳಿ ಮಗು, ಅದರ ಎರಡು ಬದಿಯ ಎಲೆಗಳು ತಂದೆತಾಯಿ. ಆ ಮೂರನ್ನು ಯಾರೂ ಮುಟ್ಟುವಂತಿಲ್ಲ. ಹೊರಗಿನ ಹಳೆಯ ಎಲೆಗಳನ್ನಷ್ಟೇ ಕೊಯ್ಯಬೇಕು. ಕೊಯ್ಯುವ ಮುನ್ನ ‘ಕರಕಿಯಾ’ ಎಂಬ ಪ್ರಾರ್ಥನೆ. ಎಲೆಯ ಬುಡದ ಲೋಳೆಯನ್ನು ಸುಟ್ಟಗಾಯಕ್ಕೆ, ಕುರುವಿಗೆ ಹಚ್ಚುತ್ತಾರೆ, ನಾರಿನಿಂದ ಚಾಪೆ, ಬುಟ್ಟಿ, ಗಾಯದ ಪಟ್ಟಿ ಮಾಡುತ್ತಾರೆ. ಗಿಡವನ್ನೇ ಒಂದು ಸಂಸಾರವೆಂದು ಕಂಡ ಜನ ಅದನ್ನು ಬುಡಸಮೇತ ಕೀಳುವುದಿಲ್ಲ.

ಕವಕವಾ ಎಲೆ ಬಿಡಿಸುವಾಗ ಕಂಬಳಿಹುಳು ತೂತು ಮಾಡಿದ ಎಲೆಗಳನ್ನೇ ಆರಿಸುತ್ತಾರೆ. ಹುಳು ಒಳ್ಳೆಯ ಎಲೆಯನ್ನೇ ಹುಡುಕಿ ತಿನ್ನುತ್ತದೆ ಎಂಬುದು ಹಿರಿಯರ ಮಾತು. ಹಲ್ಲುನೋವಿಗೆ ಆ ಎಲೆ ಅಗಿಯುವುದು, ಹೊಟ್ಟೆ ತೊಂದರೆಗೆ ಕಷಾಯ ಕುಡಿಯುವುದು ಇಂದಿಗೂ ಬಳಕೆಯಲ್ಲಿದೆ. ಭೇದಿಗೆ ಕೊಡುವ ಕೊರೊಮಿಕೊ ಎಲೆಗಳನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ವಿದೇಶದಲ್ಲಿ ಹೋರಾಡುತ್ತಿದ್ದ ಮಾವೊರಿ ಸೈನಿಕರಿಗೆ ಊರಿನಿಂದ ಕಳಿಸುತ್ತಿದ್ದರು.

ಲೋಮಿಲೋಮಿ ಎಂದರೆ ಮಸಾಜ್ ತಾನೇ?

ಕೈಗಳಿಂದ, ಮೊಣಕೈಗಳಿಂದ ಮೈ ನೀವುವುದು ಹೌದು. ಪ್ರಾರ್ಥನೆಯಿಂದ ಆರಂಭಿಸಿ, ನೀವುವವರ ಉಸಿರು, ಮನಸ್ಸು ಹದದಲ್ಲಿದ್ದರೆ ಮಾತ್ರ ಮುಂದುವರಿಸುತ್ತಾರೆ. ಮಾವೊರಿಗಳಲ್ಲಿ ಮಿರಿಮಿರಿ, ರೊಮಿರೊಮಿ, ಟಾಹಿಟಿಯಲ್ಲಿ ತೌರುಮಿ ಎಂಬ ಬಗೆಗಳಿವೆ.

ಇದರ ಹಳೆಯ ದಾಖಲೆಯೊಂದು ಕ್ಯಾಪ್ಟನ್ ಜೇಮ್ಸ್ ಕುಕ್‌ನ ದಿನಚರಿಯಲ್ಲಿದೆ. 1777ರ ಸೆಪ್ಟೆಂಬರ್‌ನಲ್ಲಿ ಟಾಹಿಟಿಯಲ್ಲಿದ್ದಾಗ ಅವನಿಗೆ ಸೊಂಟದಿಂದ ಪಾದದವರೆಗೆ ಒಂದು ಬದಿ ವಿಪರೀತ ನೋವು. ಅಲ್ಲಿನ ಅರಸನ ತಾಯಿ, ಮೂವರು ತಂಗಿಯರು, ಇನ್ನೂ ಎಂಟು ಹೆಂಗಸರು ಹಡಗಿಗೇ ಬಂದರು. ಹನ್ನೆರಡು ಜನ ಸುತ್ತ ಕುಳಿತು, ತಲೆಯಿಂದ ಕಾಲಿನವರೆಗೆ ಎರಡೂ ಕೈಗಳಿಂದ ಹಿಚುಕಿ, ಎಲುಬು ಲಟಲಟ ಎನ್ನುವವರೆಗೆ ಒತ್ತಿದರು. ಬಿಟ್ಟಾಗ ನೋವು ಕಡಿಮೆಯಾಗಿತ್ತು. ಮತ್ತೆರಡು ಮೂರು ಸಲ ಹೀಗೆ ಮಾಡಿಸಿಕೊಂಡ ಮೇಲೆ ಪೂರ್ತಿ ಹೋಯಿತೆಂದು ಕುಕ್ ಬರೆದಿದ್ದಾನೆ. ಹಡಗಿನಲ್ಲಿ ಯುರೋಪಿನ ವೈದ್ಯರೂ ಇದ್ದರು ಎಂಬುದನ್ನು ಇಲ್ಲಿ ನೆನೆಯಬೇಕು.

ಹವಾಯಿಯ ಹೊರಗಿನವರಿಗೆ ಲೋಮಿಲೋಮಿಯನ್ನು ತೆರೆದ ಮನಸ್ಸಿನಿಂದ ಕಲಿಸಿದವರಲ್ಲಿ ಮೊದಲಿಗರು ಆಂಟಿ ಮಾರ್ಗರೆಟ್ ಮಚಾಡೊ (1916–2009). ಹವಾಯಿ ದ್ವೀಪದ ಕೋನಾ ಕಡೆಯ ಕೇಅಲಕೆಕುವಾ ಕೊಲ್ಲಿಯ ಬಳಿ ಅವರು ಕಲಿಸುತ್ತಿದ್ದರು. ಪ್ರಾರ್ಥಿಸುತ್ತಾ ಮಾಡುವ ಕೆಲಸ ಇದು ಎಂಬುದು ಅವರ ಪಾಠದ ತಿರುಳು. ಸ್ಪಾಗಳಲ್ಲಿ ಈ ಹೆಸರಿನಲ್ಲಿ ಮಾರುವ ಒಂದು ಗಂಟೆಯ ಸೇವೆ ಮೈಗೆ ಹಿತವಾಗಿರಬಹುದು, ಆದರೆ ಅದರಲ್ಲಿ ಈ ತಿರುಳು ಇರುವುದು ಅಪರೂಪ.

ಹೊಓಪೊನೊಪೊನೊ ನಿಜಕ್ಕೂ ಹವಾಯಿಯ ಪ್ರಾಚೀನ ಮಂತ್ರವೇ?

‘ಕ್ಷಮಿಸು, ತಪ್ಪಾಯಿತು, ಧನ್ಯವಾದ, ಪ್ರೀತಿಸುತ್ತೇನೆ’ ಎಂಬ ಆ ನಾಲ್ಕು ಸಾಲುಗಳು ಪ್ರಾಚೀನವಲ್ಲ. ಅವು ಜಗತ್ತಿನಾದ್ಯಂತ ಹರಡಿದ್ದು 2007ರ ನಂತರ, ಇಂಗ್ಲಿಷಿನ ಒಂದು ಜನಪ್ರಿಯ ಪುಸ್ತಕದ ಮೂಲಕ. ಅದಕ್ಕೂ ಮುಂಚೆ, 1970ರ ದಶಕದಲ್ಲಿ, ಮೋರ್ನಾ ಸಿಮಿಯೋನಾ ಎಂಬ ಹವಾಯಿಯ ಮಹಿಳೆ ಹಳೆಯ ಪದ್ಧತಿಯನ್ನು ಒಬ್ಬರೇ ಮಾಡಿಕೊಳ್ಳಬಹುದಾದ ಸಾಧನೆಯಾಗಿ ಮಾರ್ಪಡಿಸಿದ್ದರು.

ಮೂಲ ಹೊಓಪೊನೊಪೊನೊ ಒಬ್ಬರೇ ಕುಳಿತು ಮಾಡುವಂಥದ್ದೇ ಅಲ್ಲ. ಮನೆಯ ಹಿರಿಯರೊಬ್ಬರು ಅಥವಾ ಎಲ್ಲರೂ ಒಪ್ಪುವ ಹೊರಗಿನ ಹಿರಿಯರು ಇಡೀ ಕುಟುಂಬವನ್ನು ಕೂರಿಸುತ್ತಾರೆ. ಮೊದಲು ಪ್ರಾರ್ಥನೆ, ಆಮೇಲೆ ಯಾವ ತೊಡಕಿಗಾಗಿ ಸೇರಿದ್ದೇವೆ ಎಂಬ ಮಾತು. ಒಬ್ಬೊಬ್ಬರೂ ಮಾತನಾಡಬೇಕು, ಆದರೆ ಎದುರಾಳಿಯನ್ನು ನೋಡಿ ಮಾತನಾಡುವಂತಿಲ್ಲ, ಹಿರಿಯರಿಗೆ ಹೇಳಬೇಕು. ಒಂದು ಜಗಳ ಬಿಚ್ಚಿದರೆ ಅದರ ಕೆಳಗೆ ಇನ್ನೊಂದು ಇರುತ್ತದೆ. ಪದರ ಪದರವಾಗಿ ಅದನ್ನು ಸುಲಿಯುತ್ತಾ ಹೋಗುತ್ತಾರೆ. ಕೋಪ ಏರಿದರೆ ಹಿರಿಯರು ಮೌನ ವಿಧಿಸುತ್ತಾರೆ. ತಪ್ಪೊಪ್ಪಿಗೆ, ಕ್ಷಮೆ, ನಷ್ಟ ತುಂಬಿಕೊಡುವ ಮಾತು ಆದ ಮೇಲೆ ಎರಡೂ ಕಡೆಯವರು ಆ ವಿಷಯವನ್ನು ಬಿಟ್ಟುಬಿಡಬೇಕು, ಮುಂದೆಂದೂ ಎತ್ತಬಾರದು. ಕೊನೆಗೆ ಎಲ್ಲರೂ ಕೂಡಿ ಊಟ. ಒಂದೇ ಕೂಟದಲ್ಲಿ ಮುಗಿಯದಿದ್ದರೆ ದಿನಗಟ್ಟಲೆ ನಡೆಯುವುದೂ ಉಂಟು.

20ನೇ ಶತಮಾನದ ನಡುವಿನ ಹೊತ್ತಿಗೆ ಇದು ಮರೆಯಾಗುವುದರಲ್ಲಿತ್ತು. ಹವಾಯಿಯ ಭಾಷೆ, ಸಂಪ್ರದಾಯಗಳ ಮಹಾ ವಿದ್ವಾಂಸೆ ಮೇರಿ ಕವೇನಾ ಪುಕುಯಿ (1895–1986) ತಮ್ಮ ಮನೆತನದಲ್ಲಿ ಕಂಡದ್ದನ್ನು ಹಂತಹಂತವಾಗಿ ವಿವರಿಸಿದರು. 1960ರ ದಶಕದಲ್ಲಿ ಹೊನೊಲುಲುವಿನ ಕ್ವೀನ್ ಲಿಲಿಉಓಕಲಾನಿ ಮಕ್ಕಳ ಕೇಂದ್ರದ ಸಮಾಜಸೇವಕರು ಮತ್ತು ಮನೋವೈದ್ಯರ ಜೊತೆ ಸೇರಿ ಅದನ್ನು ಕುಟುಂಬಗಳ ನಡುವೆ ಮತ್ತೆ ಬಳಕೆಗೆ ತಂದರು. ಜಪ ಮಾಡಿ ಸಮಾಧಾನ ಕಂಡವರನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಮಾತು ಬಿಟ್ಟ ಅಣ್ಣನ ಮನೆಗೆ ಹೋಗದೆ ಕೋಣೆಯಲ್ಲಿ ಕುಳಿತು ಹೇಳಿಕೊಳ್ಳುವ ‘ಕ್ಷಮಿಸು’ ಆ ಪದ್ಧತಿಯ ಅತ್ಯಂತ ಕಷ್ಟದ ಭಾಗವನ್ನೇ ಬಿಟ್ಟುಬಿಡುತ್ತದೆ.

ನೋನಿ ರಸ ಎಲ್ಲ ಕಾಯಿಲೆಗೂ ಒಳ್ಳೆಯದೆನ್ನುತ್ತಾರೆ. ಕುಡಿಯಬಹುದೇ?

ದ್ವೀಪಗಳಲ್ಲಿ ನೋನಿಯ ಬಳಕೆ ಹೆಚ್ಚಾಗಿ ಹೊರಮೈಗೆ. ಕುರುವಿಗೆ ಹಣ್ಣಿನ ತಿರುಳು, ಊತಕ್ಕೆ ಬಾಡಿಸಿದ ಎಲೆ. ಹಣ್ಣಿನ ವಾಸನೆ ಅಸಹ್ಯ, ರುಚಿ ಇನ್ನೂ ಅಸಹ್ಯ, ಬರಗಾಲದಲ್ಲಿ ತಿನ್ನುತ್ತಿದ್ದರು. ದಿನವೂ ಲೋಟದಲ್ಲಿ ಕುಡಿಯುವ ಬಾಟಲಿ ರಸ 1990ರ ದಶಕದ ಅಮೆರಿಕನ್ ವ್ಯಾಪಾರದ ಸೃಷ್ಟಿ. ಯುರೋಪಿಯನ್ ಒಕ್ಕೂಟ 2003ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟದ್ದು ಹಣ್ಣಿನ ರಸವೆಂದು, ಔಷಧವೆಂದಲ್ಲ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಹಾಗಾಗಿ ಮೂತ್ರಪಿಂಡದ ತೊಂದರೆ ಇರುವವರು ಕುಡಿಯಬಾರದು. ಯಕೃತ್ತಿಗೆ ಹಾನಿಯಾದ ಕೆಲವು ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿಯಾಗುತ್ತದೆಂದು ಮಾರುವವರ ಮಾತಿಗೆ ಆಧಾರವಿಲ್ಲ.

ಕವಾ ಔಷಧವೇ, ಅಮಲೇರಿಸುವ ಪಾನೀಯವೇ?

ಎರಡೂ, ಮತ್ತು ಅದಕ್ಕಿಂತ ಹೆಚ್ಚಾಗಿ ಸಭಾ ಮರ್ಯಾದೆ. ಬೇರನ್ನು ಜಜ್ಜಿ ನೀರಿನಲ್ಲಿ ಹಿಂಡಿ ತೆಂಗಿನ ಚಿಪ್ಪಿನಲ್ಲಿ ಕೊಡುತ್ತಾರೆ. ನಾಲಿಗೆ ಜೋಮು ಹಿಡಿಯುತ್ತದೆ, ಮೈ ಸಡಿಲವಾಗುತ್ತದೆ, ತಲೆ ತಿಳಿಯಾಗಿಯೇ ಇರುತ್ತದೆ. ಟೋಂಗಾ, ಸಮೊವಾಗಳಲ್ಲಿ ಮುಖಂಡರ ಪಟ್ಟಾಭಿಷೇಕಕ್ಕೂ ಅತಿಥಿ ಸತ್ಕಾರಕ್ಕೂ ಅದು ಬೇಕು. ನಿದ್ದೆ ಬಾರದಿರುವುದಕ್ಕೆ, ಆತಂಕಕ್ಕೆ ಹವಾಯಿಯಲ್ಲಿ ಮದ್ದಾಗಿಯೂ ಕೊಡುತ್ತಿದ್ದರು. ಯಕೃತ್ತಿನ ಭಯದಿಂದ ಜರ್ಮನಿ 2002ರಲ್ಲಿ ಕವಾ ಔಷಧಗಳನ್ನು ನಿಷೇಧಿಸಿತು. 2014ರಲ್ಲಿ ಅಲ್ಲಿನ ನ್ಯಾಯಾಲಯ ಆ ಆದೇಶವನ್ನು ತಳ್ಳಿಹಾಕಿತು. ಮದ್ಯದೊಡನೆ, ಇತರ ಮಾತ್ರೆಗಳೊಡನೆ ಕವಾ ಸೇವಿಸುವುದು ಅಪಾಯ.

ಈ ಮದ್ದುಗಳನ್ನು ವಿಜ್ಞಾನ ಪರೀಕ್ಷಿಸಿದೆಯೇ?

ಕೆಲವನ್ನು. 2021ರಲ್ಲಿ ಸಮೊವಾದವರೇ ಆದ ವಿಜ್ಞಾನಿ ಸೇಸೇಇ ಮೊಲಿಮಾವ್-ಸಮಸೋನಿ ಮತ್ತು ಸಂಗಡಿಗರು ಮತಲಫಿ ಎಂಬ ಗಿಡದ ಎಲೆಗಳ ಬಗ್ಗೆ ಅಧ್ಯಯನ ಪ್ರಕಟಿಸಿದರು. ಜ್ವರಕ್ಕೆ, ಊತಕ್ಕೆ, ಆತ್ಮದ ಸೋಂಕಿಗೂ ಊರಿನವರು ಬಳಸುವ ಎಲೆ ಅದು. ಪ್ರಯೋಗಾಲಯದ ಜೀವಕೋಶಗಳಲ್ಲಿ ಅದರ ರಸ ಉರಿಯೂತವನ್ನು ತಗ್ಗಿಸುವುದರಲ್ಲಿ ಐಬುಪ್ರೊಫೆನ್‌ಗೆ ಸಾಟಿಯಾಗಿತ್ತು. ಕಬ್ಬಿಣದ ಅಂಶವನ್ನು ಹಿಡಿದಿಡುವ ಗುಣದಿಂದ ಹೀಗಾಗುತ್ತದೆ ಎಂದೂ ಅವರು ತೋರಿಸಿದರು. ಹೊರಗಿನ ಸಂಶೋಧಕರು ಬಂದು ಎಲೆ ಒಯ್ಯುತ್ತಿದ್ದ ಕಾಲ ಕಳೆದು, ಆ ನೆಲದ ಮಗಳೇ ಪರೀಕ್ಷೆ ಮಾಡಿ ಹೇಳಿದ್ದು ನನಗೆ ಫಲಿತಾಂಶದಷ್ಟೇ ಮುಖ್ಯ. ಮನುಷ್ಯರ ಮೇಲಿನ ಚಿಕಿತ್ಸಾ ಪ್ರಯೋಗ ಬೇರೆಯ ಮಾತು.

ಮನೂಕಾ ಜೇನುತುಪ್ಪವನ್ನು ಮಾವೊರಿಗಳ ಪ್ರಾಚೀನ ಮದ್ದೆಂದು ಬರೆಯುವುದನ್ನು ಕಾಣುತ್ತೇವೆ. ಜೇನುನೊಣ ನ್ಯೂಜಿಲೆಂಡಿಗೆ ಬಂದದ್ದೇ 1839ರಲ್ಲಿ, ಯುರೋಪಿನವರೊಡನೆ. ಮಾವೊರಿಗಳು ಬಳಸುತ್ತಿದ್ದುದು ಮನೂಕಾದ ಎಲೆ ಮತ್ತು ತೊಗಟೆಯನ್ನು. ಜೇನಿನ ವಿಶೇಷ ಗುಣವನ್ನು 1980ರ ದಶಕದಲ್ಲಿ ವೈಕಾಟೊ ವಿಶ್ವವಿದ್ಯಾಲಯದ ಪೀಟರ್ ಮೋಲನ್ ಗುರುತಿಸಿದರು.

ಈ ವೈದ್ಯವನ್ನು ಕಾನೂನು ನಿಷೇಧಿಸಿತ್ತು ಎಂಬುದು ನಿಜವೇ?

ನಿಜ. 1819ರಲ್ಲಿ ಹವಾಯಿಯ ಅರಸೊತ್ತಿಗೆಯೇ ಹಳೆಯ ಕಟ್ಟುಪಾಡುಗಳ ವ್ಯವಸ್ಥೆಯನ್ನು ಕಿತ್ತುಹಾಕಿತು. ಮರುವರ್ಷ ಕ್ರೈಸ್ತ ಮಿಷನರಿಗಳು ಬಂದರು. ಕಹುನಾಗಳು ಮಾಟಗಾರರೆನಿಸಿಕೊಂಡರು. ಇದೇ ಕಾಲದಲ್ಲಿ ಹೊರಗಿನಿಂದ ಬಂದ ದಡಾರ, ಸಿಡುಬು, ಇನ್ಫ್ಲುಯೆಂಜಾ ಜನರನ್ನು ಗುಡಿಸಿಹಾಕಿದವು. ಲಕ್ಷಗಳಲ್ಲಿದ್ದ ಹವಾಯಿಯ ಮೂಲನಿವಾಸಿಗಳು 1890ರ ಹೊತ್ತಿಗೆ ಸುಮಾರು 40,000ಕ್ಕೆ ಇಳಿದರು. ಹಿಂದೆಂದೂ ಕಾಣದ ರೋಗಗಳೆದುರು ಹಳೆಯ ಮದ್ದು ನಡೆಯಲಿಲ್ಲ. ಒಬ್ಬೊಬ್ಬ ವೈದ್ಯ ಸತ್ತಾಗಲೂ ಬಾಯಿಯಿಂದ ಬಾಯಿಗೆ ಬಂದ ವಿದ್ಯೆ ಒಂದಿಷ್ಟು ಕರಗಿತು. 1868ರಲ್ಲಿ ಹವಾಯಿ ರಾಜ್ಯ ಕಹುನಾಗಳಿಗೆ ಪರವಾನಗಿ ಕೊಡುವ ಮಂಡಳಿಯನ್ನು ರಚಿಸಿತ್ತು. ರಾಜ್ಯವೇ ಉರುಳಿದ ಮೇಲೆ ಆ ಆಸರೆಯೂ ಇಲ್ಲವಾಯಿತು.

ನ್ಯೂಜಿಲೆಂಡಿನ 1907ರ ಟೊಹುಂಗಾ ದಮನ ಕಾಯ್ದೆಯ ಕತೆ ಇನ್ನಷ್ಟು ತೊಡಕಿನದು. ಮೊದಲ ತಪ್ಪಿಗೆ 25 ಪೌಂಡ್‌ವರೆಗೆ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ. ಇದನ್ನು ಬೆಂಬಲಿಸಿದವರಲ್ಲಿ ಮಾವೊರಿ ನಾಯಕರೇ ಇದ್ದರು. ಮೊದಲ ಮಾವೊರಿ ವೈದ್ಯ ಮಾವಿ ಪೊಮಾರೆ ಹಳ್ಳಿಗಳಲ್ಲಿ ಸುತ್ತಾಡಿ, ಜ್ವರ ಬಂದವರನ್ನು ತಣ್ಣೀರಿನಲ್ಲಿ ಮುಳುಗಿಸಿ ಸಾಯಿಸಿದ ನಕಲಿ ಟೊಹುಂಗಾಗಳನ್ನು ಕಂಡು ಸಿಟ್ಟಾಗಿದ್ದರು. ಸರ್ಕಾರದ ಕಣ್ಣು ಇದ್ದದ್ದು ರುವಾ ಕೆನಾನಾ ಎಂಬ ಪ್ರವಾದಿಯ ಮೇಲೆ. ಅವರ ಮೇಲೆ ಈ ಕಾಯ್ದೆಯಡಿ ಮೊಕದ್ದಮೆ ಹೂಡಲೇ ಇಲ್ಲ. ಶಿಕ್ಷೆಯಾದವರು ಕೆಲವರೇ. ಆದರೆ ನಕಲಿಗಳೊಡನೆ ನಿಜವಾದ ಪಂಡಿತರೂ ಮರೆಗೆ ಸರಿಯಬೇಕಾಯಿತು. ಕಾಯ್ದೆ ರದ್ದಾದದ್ದು 1962ರಲ್ಲಿ, ಎರಡು ತಲೆಮಾರು ಕಳೆದ ಮೇಲೆ. ಪೊಮಾರೆಯ ಸಂಕಟವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಆದರೂ ಕುಲಗೆಟ್ಟವರನ್ನು ಹಿಡಿಯಲು ಇಡೀ ವಿದ್ಯೆಗೆ ಬೀಗ ಹಾಕಿದ್ದು ಅನ್ಯಾಯ.

ಹಣ ತೆಗೆದುಕೊಳ್ಳುತ್ತಾರೆಯೇ?

ಸಂಪ್ರದಾಯದಲ್ಲಿ ಗೊತ್ತಾದ ಶುಲ್ಕವಿಲ್ಲ. ಶಕ್ತ್ಯಾನುಸಾರ ಕಾಣಿಕೆ ಕೊಡುತ್ತಾರೆ. ಮಾವೊರಿಗಳು ಅದನ್ನು ಕೊಹಾ ಎನ್ನುತ್ತಾರೆ.

ಇದರಿಂದ ಅಪಾಯವಾದ ಉದಾಹರಣೆ ಇದೆಯೇ?

2019ರ ಸಮೊವಾ ದಡಾರವನ್ನು ಯಾರೂ ಮರೆಯಬಾರದು. 2018ರಲ್ಲಿ ಲಸಿಕೆಯನ್ನು ತಪ್ಪಾಗಿ ಬೆರೆಸಿದ್ದರಿಂದ ಎರಡು ಕೂಸುಗಳು ಸತ್ತವು. ಲಸಿಕೆಯ ಮೇಲಿನ ನಂಬಿಕೆ ಕುಸಿದು, ಮೊದಲ ಡೋಸ್ ಪಡೆದ ಮಕ್ಕಳ ಪ್ರಮಾಣ ಸುಮಾರು ಶೇ 31ಕ್ಕೆ ಇಳಿಯಿತು. ಮರುವರ್ಷ ದಡಾರ ಬಂದಾಗ ಸುಮಾರು ಎರಡು ಲಕ್ಷ ಜನರಿರುವ ಆ ದೇಶದಲ್ಲಿ 83 ಮಂದಿ ಸತ್ತರು. ಬಹುತೇಕರು ಐದು ವರ್ಷದೊಳಗಿನ ಮಕ್ಕಳು. ಕೆಲವು ಹೆತ್ತವರು ಮೊದಲು ನಾಟಿ ವೈದ್ಯರ ಬಳಿಗೆ, ‘ಪವಾಡದ ನೀರು’ ಕೊಡುವವರ ಬಳಿಗೆ ಹೋಗಿ, ಮಗು ಕೈಮೀರಿದ ಮೇಲೆ ಆಸ್ಪತ್ರೆಗೆ ತಂದರು. ಡಿಸೆಂಬರ್‌ನಲ್ಲಿ ಸರ್ಕಾರ ಇಡೀ ದೇಶವನ್ನು ಎರಡು ದಿನ ಮುಚ್ಚಿ, ಲಸಿಕೆ ಆಗದವರ ಮನೆ ಮುಂದೆ ಕೆಂಪು ಬಟ್ಟೆ ಕಟ್ಟಲು ಹೇಳಿ, ಮನೆಮನೆಗೆ ಹೋಗಿ ಲಸಿಕೆ ಹಾಕಿಸಿತು.

ದಡಾರ ‘ಮಾಯಿ ಪಾಲಂಗಿ’ಯೇ ಹೌದು. ಆ ಹಳೆಯ ವಿಂಗಡಣೆಯನ್ನು ಪಾಲಿಸಿದ್ದರೂ ಆ ಮಕ್ಕಳು ನೇರ ಆಸ್ಪತ್ರೆಗೆ ಹೋಗಬೇಕಿತ್ತು. ಎಳೆ ಮಗುವಿಗೆ ಜ್ವರ, ಉಸಿರಾಟದ ತೊಂದರೆ ಇದ್ದಾಗ ಪರಂಪರೆಯ ಮೇಲಿನ ಪ್ರೀತಿ ಒಂದು ಗಂಟೆಯ ವಿಳಂಬಕ್ಕೂ ಕಾರಣವಾಗಕೂಡದು.

ಈ ಜ್ಞಾನದ ಒಡೆತನ ಯಾರದು? ಕಂಪನಿಗಳು ಬಳಸಿಕೊಂಡರೆ ದ್ವೀಪವಾಸಿಗಳಿಗೆ ಏನು ಸಿಗುತ್ತದೆ?

ಸಮೊವಾದ ಸವೈಯಿ ದ್ವೀಪದಲ್ಲಿ ಫಲೆಅಲುಪೊ ಎಂಬ ಹಳ್ಳಿ ಇದೆ. 1980ರ ದಶಕದಲ್ಲಿ ಶಾಲೆ ಕಟ್ಟಿಸಲು ಹಣವಿಲ್ಲದೆ ಊರಿನವರು ತಮ್ಮ ಮಳೆಕಾಡಿನ ಮರಗಳನ್ನು ಮಾರಲು ಹೊರಟಿದ್ದರು. ಅಲ್ಲಿನ ವೈದ್ಯೆಯರಿಂದ ಕಲಿಯುತ್ತಿದ್ದ ಅಮೆರಿಕದ ಸಸ್ಯವಿಜ್ಞಾನಿ ಪಾಲ್ ಕಾಕ್ಸ್ ಶಾಲೆಗೆ ಹಣ ಹೊಂದಿಸಿಕೊಟ್ಟರು. ಊರ ಹಿರಿಯರು ಕಾಡನ್ನು ಕಾಯುವ ಒಡಂಬಡಿಕೆ ಮಾಡಿಕೊಂಡರು. ಕಾಕ್ಸ್ ಮತ್ತು ಊರಿನ ಮುಖಂಡ ಫುಯಿಓನೊ ಸೆನಿಯೊ 1997ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿಯನ್ನು ಹಂಚಿಕೊಂಡರು. ಆ ವೈದ್ಯೆಯರು ಕಾಮಾಲೆಗೆ ಕೊಡುತ್ತಿದ್ದ ಮಾಮಲಾ ಮರದಿಂದ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಪ್ರೊಸ್ಟ್ರಾಟಿನ್ ಎಂಬ ವಸ್ತುವನ್ನು ಬೇರ್ಪಡಿಸಿತು. ದೇಹದಲ್ಲಿ ಅಡಗಿ ಕುಳಿತ ಎಚ್‌ಐವಿಯನ್ನು ಹೊರಗೆಳೆಯುವ ಗುಣ ಅದಕ್ಕಿದೆ. ಅದಿನ್ನೂ ಔಷಧವಾಗಿ ಬಂದಿಲ್ಲ, ಆದರೆ ಬಂದರೆ ಏನಾಗಬೇಕು ಎಂಬುದು ಮೊದಲೇ ಕಾಗದದ ಮೇಲೆ ಬಂದಿದೆ. 2001ರ ಒಪ್ಪಂದದಂತೆ ಲಾಭದ ಶೇ 20ರಷ್ಟು ಸಮೊವಾಕ್ಕೆ ಸೇರಬೇಕು. ಅದರಲ್ಲಿ ಹಳ್ಳಿಗೂ, ವೈದ್ಯೆಯರ ಮನೆತನಗಳಿಗೂ ಪಾಲಿದೆ. ಮಾವೊರಿಗಳು ತಮ್ಮ ಗಿಡಮರ ಮತ್ತು ಜ್ಞಾನದ ಹಕ್ಕಿಗಾಗಿ 1991ರಲ್ಲಿ ವೈಟಾಂಗಿ ನ್ಯಾಯಮಂಡಳಿಯ ಮುಂದೆ ದಾವೆ ಹೂಡಿದರು. ವರದಿ ಬರಲು 20 ವರ್ಷ ಹಿಡಿಯಿತು.

ಗಾಯ ಮಾಯಿಸುವ ಅರಿಶಿನದ ಗುಣಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟದ್ದು, ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಹೋರಾಡಿ 1997ರಲ್ಲಿ ಅದನ್ನು ರದ್ದುಮಾಡಿಸಿದ್ದು ನಮಗೆ ನೆನಪಿದೆ. ಅದೇ ಅರಿಶಿನವನ್ನು ದೋಣಿಯಲ್ಲಿ ಒಯ್ದು ಬೆಳೆಸಿದ ಜನರ ಆತಂಕ ನಮಗೆ ಬೇಗ ಅರ್ಥವಾಗಬೇಕು.

ಇಂದು ಆಸ್ಪತ್ರೆಗಳ ಜೊತೆ ಈ ವೈದ್ಯ ಹೊಂದಿಕೊಂಡಿದೆಯೇ? ಅಲ್ಲಿ ನೆಲೆಸಿದ ಕನ್ನಡಿಗರೂ ಪಡೆಯಬಹುದೇ?

ಹವಾಯಿಯಲ್ಲಿ 1988ರಲ್ಲಿ ಸ್ಥಾಪನೆಯಾದ ಪಾಪಾ ಓಲಾ ಲೋಕಾಹಿ ಸಂಸ್ಥೆ ಗುರುತಿಸಿರುವ ಹಿರಿಯರ ಮಂಡಳಿಗಳು ಯಾರು ನಿಜವಾದ ವೈದ್ಯರು ಎಂದು ತೀರ್ಮಾನಿಸುತ್ತವೆ. ಸರ್ಕಾರಿ ಪರೀಕ್ಷೆಗಿಂತ ಇದು ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ. ಒಅಹು ದ್ವೀಪದ ವಯಿಅನಯಿ ಆರೋಗ್ಯ ಕೇಂದ್ರದಲ್ಲಿ ವೈದ್ಯರ ಕೊಠಡಿಗಳ ಜೊತೆಗೇ ನಾಟಿ ಚಿಕಿತ್ಸೆಯ ವಿಭಾಗವೂ ಇದೆ. ಟೋಂಗಾದಲ್ಲಿ ಮನೋವೈದ್ಯ ಮಾಪಾ ಪುಲೋಕಾ ನಾಟಿ ವೈದ್ಯರೊಡನೆ ಸೇರಿ ರೋಗಿಗಳನ್ನು ನೋಡುವ ಪರಿಪಾಠ ಬೆಳೆಸಿದರು.

ನ್ಯೂಜಿಲೆಂಡಿನಲ್ಲಿ ಅಪಘಾತ ಪರಿಹಾರ ನಿಗಮ 2020ರಿಂದ ರೊಂಗೊವಾ ಚಿಕಿತ್ಸೆಯ ವೆಚ್ಚ ಭರಿಸುತ್ತಿದೆ. ಮಾವೊರಿಯಾಗಿರಬೇಕೆಂಬ ನಿಯಮವಿಲ್ಲ, ಗಾಯದ ದಾವೆ ಅಂಗೀಕಾರವಾಗಿದ್ದರೆ ಆಕ್ಲೆಂಡಿನ ಕನ್ನಡಿಗರೂ ನಿಗಮದ ಸಿಬ್ಬಂದಿಯನ್ನು ಕೇಳಿ ಪಡೆಯಬಹುದು. ಹೋದಾಗ ಮೊದಲು ಕರಕಿಯಾ ಇರುತ್ತದೆ, ಸುಮ್ಮನೆ ನಿಂತು ಕೇಳಿದರೆ ಸಾಕು. ನೀವು ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರನ್ನು ರೊಂಗೊವಾ ವೈದ್ಯರಿಗೆ ಹೇಳಿ, ಅವರು ಕೊಟ್ಟ ಮದ್ದಿನ ಹೆಸರನ್ನು ನಿಮ್ಮ ಡಾಕ್ಟರಿಗೂ ತಿಳಿಸಿ. ಪ್ರಾರ್ಥನೆಯನ್ನಾಗಲಿ ಮದ್ದು ಅರೆಯುವುದನ್ನಾಗಲಿ ಮೊಬೈಲಿನಲ್ಲಿ ಚಿತ್ರೀಕರಿಸುವ ಮುನ್ನ ಅನುಮತಿ ಕೇಳಿ. ಬೇಡ ಎಂದರೆ ಒತ್ತಾಯಿಸಬೇಡಿ.